ಮೂರು ಸಾವಿರ ದೀಪ, ನಲವತ್ತೆರಡು ಬಲ್ಬು

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳೂ ಉಳಿದಿಲ್ಲ ಎನ್ನುವಾಗ ವಿಜ್ಞಾನದ ಮೇಷ್ಟ್ರು ಹತ್ತು ದಿನ ರಜೆ ಹಾಕಿ ಜಪಾನಿಗೆ ಹೋಗಿದ್ದರು ಎಂಬ ದೂರು ನಮ್ಮ ಶಾಲೆಯ ಕೆಲವು ಪೋಷಕರ ಮನಸ್ಸಿನಲ್ಲಿ ಇನ್ನೂ ಇದೆ. ಮೊನ್ನೆ ಸಂತೆಯಲ್ಲಿ ಸಿಕ್ಕವರೊಬ್ಬರು ತೆಂಗಿನಕಾಯಿ ಬಡಿದು ನೋಡುತ್ತಲೇ ಕೇಳಿದರು: “ಅಷ್ಟು ದೂರ ದೀಪ ನೋಡೋಕೆ ಹೋಗಿದ್ರಂತಲ್ಲ ಮೇಷ್ಟ್ರೇ, ನಮ್ಮೂರ ಕಾರ್ತೀಕದಲ್ಲಿ ದೀಪ ಇರಲಿಲ್ವಾ?” ನಕ್ಕು ಸುಮ್ಮನಾದೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಮಗ ಆ ವರ್ಷ ನನ್ನ ತರಗತಿಯಲ್ಲೇ ಇದ್ದ. ನಾನು ಬಿಟ್ಟು ಹೋದ ಪಾಠವಾದರೂ ಯಾವುದು ಅಂತೀರಿ? ‘ಮಾನವನ ಕಣ್ಣು’. ಬಂದ ಮೇಲೆ ಎರಡು ಭಾನುವಾರ ವಿಶೇಷ ತರಗತಿ ಮಾಡಿ ಮುಗಿಸಿದೆ. ಆದರೂ ಒಂದು ಉತ್ತರ ಕೊಡುವುದು ಬಾಕಿ ಉಳಿದಿತ್ತು. ಈ ವಾರ ಅದನ್ನೇ ಬರೆಯುತ್ತೇನೆ.

ನನ್ನ ಮಗಳು ಆಗ ಒಸಾಕಾದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದಳು. ಬ್ಯಾಟರಿಯೊಳಗಿನ ಪದಾರ್ಥಗಳ ಮೇಲೆ ಅವಳ ಸಂಶೋಧನೆ. ಪ್ರತಿ ಭಾನುವಾರ ರಾತ್ರಿ ಫೋನು. “ಊಟ ಆಯ್ತಾ? ಚಳಿ ಹೇಗಿದೆ? ರಿಸಲ್ಟ್ ಏನಾಯ್ತು?” ಈ ಮೂರು ಪ್ರಶ್ನೆ ನನ್ನವು, ಉಳಿದ ಮಾತೆಲ್ಲ ಅವಳ ಅಮ್ಮನದು. 2023ರ ಡಿಸೆಂಬರ್ 31 ಕೂಡ ಭಾನುವಾರವೇ. ಅಂದು ಮೂರನೆಯ ಪ್ರಶ್ನೆ ಕೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ, ನಾನು ಎಲ್ಲ ಬಿಟ್ಟು ಬಂದುಬಿಡಲಾ?” ಎಂದಳು.

ತಾನು ಮಾಡುವ ಪುಟ್ಟ ಬ್ಯಾಟರಿ ಕೋಶ ಮೂವತ್ತು ನಲವತ್ತು ಸಲ ಚಾರ್ಜ್ ಆಗುವಷ್ಟರಲ್ಲಿ ಸತ್ತುಹೋಗುತ್ತದೆ, ಎಂಟು ತಿಂಗಳಿಂದ ಇದೇ ಆಗಿದೆ, ಯಾಕೆಂದು ಗೊತ್ತಾಗುತ್ತಿಲ್ಲ ಎಂದಳು. “ಬಿಡಬೇಡ, ಸಹನೆ ಇರಲಿ, ಎಡಿಸನ್ ಎಷ್ಟು ಸಲ...” ಎಂದು ನಾನು ಶುರು ಮಾಡಿದೆ. ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ರಾತ್ರಿ ಅವಳೇ ಹೇಳಿದಳು: “ನೀವು ಹೋಗಿ ಬನ್ನಿ. ನಾನು ಹೋದರೆ ಅತ್ತುಬಿಡ್ತೀನಿ, ಅವಳೂ ಅಳ್ತಾಳೆ.” ಸೊಸೈಟಿ ಸಾಲ, ಗಳಿಕೆ ರಜೆ, ವೀಸಾ, ಚಟ್ನಿಪುಡಿ, ಹುರಿಹಿಟ್ಟು. ಪ್ರಯಾಣದ ವರ್ಣನೆ ಬೇಡ. ವಿಮಾನದ ಕಿಟಕಿಯಿಂದ ನನಗೆ ಕಂಡದ್ದು ರೆಕ್ಕೆ ಮಾತ್ರ.

ಮೂರು ದಿನ ಅವಳು ಕೆಲಸದ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೋಣೆ ಚೊಕ್ಕಟವಾಗಿತ್ತು, ಹುಡುಗಿ ಮಾತ್ರ ಬಡಕಲಾಗಿದ್ದಳು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಕತ್ತಲಲ್ಲಿ ಅವಳ ಮುಖದ ಮೇಲೆ ಮೊಬೈಲಿನ ನೀಲಿ ಬೆಳಕು. ಪ್ರಯೋಗಶಾಲೆಯ ಯಂತ್ರ ಇಡೀ ರಾತ್ರಿ ಆ ಕೋಶಗಳನ್ನು ಚಾರ್ಜ್ ಮಾಡಿ ಖಾಲಿ ಮಾಡುತ್ತಿರುತ್ತದಂತೆ. ಅದರ ರೇಖೆ ಕೆಳಗಿಳಿಯುವುದನ್ನು ಮಂಚದಲ್ಲಿ ಮಲಗಿಯೇ ನೋಡಬಹುದಂತೆ. ಶನಿವಾರ ಬೆಳಿಗ್ಗೆ ಅವಳೇ, “ಇವತ್ತು ಸೆತ್ಸುಬುನ್. ನಾರಾಕ್ಕೆ ಹೋಗೋಣ. ಮೂರು ಸಾವಿರ ದೀಪ ಹಚ್ಚುತ್ತಾರೆ” ಎಂದಳು.

ಸೆತ್ಸುಬುನ್ ಎಂದರೆ ಋತುಗಳನ್ನು ಬೇರ್ಪಡಿಸುವ ದಿನ. ಮಕ್ಕಳೇ, ಇಲ್ಲಿ ಸ್ವಲ್ಪ ಗಮನ ಕೊಡಿ, ಇದು ಬಹಳ ಸ್ವಾರಸ್ಯದ ವಿಷಯ. ಆಕಾಶದಲ್ಲಿ ಸೂರ್ಯ ನಡೆಯುವಂತೆ ಕಾಣುವ ದಾರಿಯನ್ನು 360 ಡಿಗ್ರಿಗಳಾಗಿ ಭಾಗ ಮಾಡಿ, ಮಾರ್ಚ್ ತಿಂಗಳ ವಿಷುವದ ಬಿಂದುವನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ಸೂರ್ಯ ಅಲ್ಲಿಂದ 315ನೆಯ ಡಿಗ್ರಿಗೆ ಬಂದ ಗಳಿಗೆ ಯಾವ ದಿನ ಬೀಳುತ್ತದೋ ಅದು ಜಪಾನೀಯರಿಗೆ ವಸಂತದ ಮೊದಲ ದಿನ. ಅದರ ಹಿಂದಿನ ದಿನ ಸೆತ್ಸುಬುನ್. ಸಾಮಾನ್ಯವಾಗಿ ಅದು ಫೆಬ್ರುವರಿ 3. ಆದರೆ 1984ರಲ್ಲಿ ಫೆಬ್ರುವರಿ 4ಕ್ಕೆ ಬಂದಿತ್ತು. 2021ರಲ್ಲಿ ಫೆಬ್ರುವರಿ 2ಕ್ಕೆ ಬಂತು. ಹಾಗೆ 2ಕ್ಕೆ ಬಂದದ್ದು 1897ರ ನಂತರ ಅದೇ ಮೊದಲು, 124 ವರ್ಷಗಳ ಮೇಲೆ. 2021ರಲ್ಲಿ ಸೂರ್ಯ ಆ ಡಿಗ್ರಿ ಮುಟ್ಟಿದ್ದು ಜಪಾನಿನ ಗಡಿಯಾರದಲ್ಲಿ ಫೆಬ್ರುವರಿ 3ರ ರಾತ್ರಿ 11 ಗಂಟೆ 59 ನಿಮಿಷಕ್ಕೆ. ಇನ್ನೊಂದು ನಿಮಿಷ ತಡವಾಗಿದ್ದರೆ ಹಬ್ಬ ಎಂದಿನಂತೆ 3ಕ್ಕೇ ಇರುತ್ತಿತ್ತು!

ಯಾಕೆ ಹೀಗೆ? ಒಂದು ವರ್ಷ ಎಂದರೆ ಸರಿಯಾಗಿ 365 ದಿನವಲ್ಲ, ಅದರ ಮೇಲೆ 5 ಗಂಟೆ 49 ನಿಮಿಷದಷ್ಟು ಹೆಚ್ಚು. ಹಾಗಾಗಿ ಆ ಗಳಿಗೆ ಪ್ರತಿವರ್ಷ ಅಷ್ಟು ಹೊತ್ತು ಮುಂದಕ್ಕೆ ಹೋಗುತ್ತದೆ. ಅಧಿಕ ವರ್ಷದ ಫೆಬ್ರುವರಿ 29 ಬಂದು ಅದನ್ನು ಇಪ್ಪತ್ತನಾಲ್ಕು ಗಂಟೆ ಹಿಂದಕ್ಕೆ ಎಳೆಯುತ್ತದೆ. ನಾಲ್ಕು ವರ್ಷದ ಲೆಕ್ಕ ಹಾಕಿದರೆ ಎಳೆದದ್ದು ಸುಮಾರು ಮುಕ್ಕಾಲು ಗಂಟೆ ಜಾಸ್ತಿಯಾಗಿರುತ್ತದೆ. ಈ ಮುಕ್ಕಾಲು ಗಂಟೆಗಳು ಕೂಡುತ್ತಾ ಹೋಗಿ ಹಬ್ಬವನ್ನು ಒಂದು ದಿನ ಹಿಂದೆ ತಳ್ಳುತ್ತವೆ. 2100 ಅಧಿಕ ವರ್ಷವಲ್ಲವಾದ್ದರಿಂದ ಮತ್ತೆ ಸರಿಹೋಗುತ್ತದೆ.

ನಮ್ಮ ಮಕರ ಸಂಕ್ರಾಂತಿಯದೂ ಸೂರ್ಯನ ಲೆಕ್ಕವೇ, ಆದರೆ ಬೇರೆ ಬಗೆಯದು. ಜಪಾನೀಯರು ವಿಷುವ ಬಿಂದುವಿನಿಂದ ಅಳೆಯುತ್ತಾರೆ, ನಮ್ಮ ಪಂಚಾಂಗದವರು ನಕ್ಷತ್ರಗಳಿಂದ ಅಳೆಯುತ್ತಾರೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೊನೆಯುವುದರಿಂದ ಈ ಎರಡು ಅಳತೆಗಳು ಹೊಂದುವುದಿಲ್ಲ. ನಮ್ಮ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. 2024ರಲ್ಲಿ ನಾವು ಎಳ್ಳು ಬೀರಿದ್ದು ಜನವರಿ 15ಕ್ಕೆ. ಇದನ್ನೆಲ್ಲ ರೈಲಿನಲ್ಲಿ ಮಗಳಿಗೆ ಹೇಳುತ್ತಿದ್ದೆ. ಅವಳು ಕಿಟಕಿಯಾಚೆ ನೋಡುತ್ತ, “ಅಪ್ಪ, ಇದನ್ನ ಹೈಸ್ಕೂಲಲ್ಲೇ ಹೇಳಿದ್ರಿ” ಎಂದಳು.

ಆ ದಿನ ಜಪಾನೀಯರ ಮನೆಗಳಲ್ಲಿ ಹುರಿದ ಸೋಯಾ ಕಾಳು ಎರಚುತ್ತಾರೆ. ‘ಭೂತವೇ ಹೊರಗೆ ಹೋಗು, ಭಾಗ್ಯವೇ ಒಳಗೆ ಬಾ’ ಎಂದು ಕೂಗುತ್ತಾರೆ. ಹಸಿ ಕಾಳು ಎರಚಬಾರದು, ಅದು ಎಲ್ಲಾದರೂ ಬಿದ್ದು ಮೊಳೆತರೆ ಅಪಶಕುನ. ಹುರಿದರೆ ಭ್ರೂಣ ಸತ್ತು ಮೊಳಕೆಯ ಮಾತೇ ಇಲ್ಲ. ನಂಬಿಕೆಯೇನೋ ಇರಲಿ, ಬೀಜದ ಪಾಠ ಅದರಲ್ಲಿ ಸರಿಯಾಗಿದೆ. ಆಮೇಲೆ ಅವರವರ ವಯಸ್ಸಿನಷ್ಟು ಕಾಳು ತಿನ್ನಬೇಕು. ಮಗಳು ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಪೊಟ್ಟಣ ಕೊಂಡಳು. ನನ್ನ ಪಾಲು ಐವತ್ತಾರು. ನನ್ನ ಹಲ್ಲುಗಳನ್ನು ನೆನೆದು ಪೊಟ್ಟಣ ಜೇಬಿಗೆ ಹಾಕಿಕೊಂಡೆ.

ಒಸಾಕಾದ ನಂಬಾ ನಿಲ್ದಾಣದಿಂದ ನಾರಾಕ್ಕೆ ಮುಕ್ಕಾಲು ಗಂಟೆಯೂ ಬೇಡ. ಕ್ರಿ.ಶ. 710ರಿಂದ 784ರವರೆಗೆ ಜಪಾನಿನ ರಾಜಧಾನಿ ಅಲ್ಲೇ ಇತ್ತು. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆಯುವಷ್ಟರಲ್ಲಿ ಜಿಂಕೆಗಳು ಎದುರಾಗುತ್ತವೆ. ಸಾವಿರಕ್ಕೂ ಹೆಚ್ಚು ಜಿಂಕೆಗಳಿವೆ, ಬೇಲಿಯಿಲ್ಲ, ಒಡೆಯನಿಲ್ಲ. ದೇವರು ಬಿಳಿಯ ಜಿಂಕೆಯ ಮೇಲೆ ಕೂತು ಈ ಊರಿಗೆ ಬಂದನೆಂಬ ಐತಿಹ್ಯದಿಂದ ಅವುಗಳಿಗೆ ಹಿಂದಿನಿಂದಲೂ ರಕ್ಷಣೆ. 1957ರಲ್ಲಿ ಸರ್ಕಾರ ಅವನ್ನು ನೈಸರ್ಗಿಕ ಸ್ಮಾರಕವೆಂದೇ ಸಾರಿತು. ಅಕ್ಕಿ ತೌಡಿನ ಬಿಸ್ಕತ್ತು ಹಿಡಿದರೆ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತವೆ. ಬಿಸ್ಕತ್ತು ಮುಗಿದರೆ ಕೋಟಿನ ತುದಿ ಕಚ್ಚಿ ಎಳೆಯುತ್ತವೆ. ನಮ್ಮ ಎಂಟನೆಯ ತರಗತಿಯ ಕೆಲವರ ನೆನಪಾಯಿತು.

ದೀಪ ಹಚ್ಚುವುದು ಸಂಜೆ. ಹೊತ್ತಿತ್ತಾದ್ದರಿಂದ ತೋದಾಯ್‌ಜಿಗೆ ಹೋದೆವು. ಅದು ಬೌದ್ಧ ದೇವಾಲಯ. ಒಳಗೆ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. ಹೊರಗೆ ಅಂಗಳದಲ್ಲಿ ಎಂಟು ಮೂಲೆಯ ಒಂದು ಕಂಚಿನ ದೀಪಸ್ತಂಭ, ಎಂಟನೆಯ ಶತಮಾನದ್ದು. ಈ ಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ಯಾರು ಗೊತ್ತೇ? ಬೋಧಿಸೇನ ಎಂಬ ಭಾರತೀಯ ಭಿಕ್ಷು. 736ರಲ್ಲಿ ಚೀನಾದ ಮೂಲಕ ಜಪಾನಿಗೆ ಬಂದವನು. ಅವನು ಕಣ್ಣು ಬರೆದ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ ಅವುಗಳ ಇನ್ನೊಂದು ತುದಿಯನ್ನು ನೆರೆದವರು ಹಿಡಿದಿದ್ದರಂತೆ, ಪುಣ್ಯ ಎಲ್ಲರಿಗೂ ಹರಿಯಲಿ ಎಂದು. ಆ ಕುಂಚ, ಆ ದಾರ ಇಂದಿಗೂ ನಾರಾದ ಭಂಡಾರದಲ್ಲಿವೆ. ಇದನ್ನು ನಾನು ಮೊದಲೇ ಓದಿಕೊಂಡು ಹೋಗಿದ್ದೆ. ಉದ್ದೇಶವಿಟ್ಟುಕೊಂಡೇ ಹೇಳಿದೆ ಎನ್ನಿ. ನಮ್ಮ ದೇಶದವನೊಬ್ಬ ಹಡಗಿನ ಕಾಲದಲ್ಲಿ ಇಷ್ಟು ದೂರ ಬಂದು ಭಾಷೆ ಗೊತ್ತಿಲ್ಲದ ನಾಡಿನಲ್ಲಿ ದೊಡ್ಡ ಕೆಲಸ ಮಾಡಿದ ನೋಡು ಎಂಬ ಧಾಟಿಯಲ್ಲಿ.

ಮಗಳು ಬುದ್ಧನ ಕಣ್ಣನ್ನೇ ನೋಡುತ್ತಿದ್ದಳು. “ವಾಪಸ್ ಹೋದನಾ ಅಪ್ಪ?”

“ಇಲ್ಲ. 760ರಲ್ಲಿ ಇಲ್ಲೇ ತೀರಿಕೊಂಡ.”

ಅವಳು ಮತ್ತೇನೂ ಕೇಳಲಿಲ್ಲ. ನನಗೂ ಮಾತು ಮುಂದುವರಿಸುವ ಧೈರ್ಯ ಬರಲಿಲ್ಲ.

ಕಸುಗ ತೈಶಾ ಶಿಂತೋ ಪಂಥದ ದೇವಸ್ಥಾನ. 768ರಲ್ಲಿ ಸ್ಥಾಪನೆಯಾದದ್ದು, ಫುಜಿವಾರ ಎಂಬ ಪ್ರಬಲ ಮನೆತನದ ಕುಲದೇವರು ಅಲ್ಲಿದ್ದಾರೆ. ಸಿಂಧೂರ ಬಣ್ಣದ ಮರದ ಕಂಬಗಳು, ಸೈಪ್ರೆಸ್ ಜಾತಿಯ ಮರದ ತೊಗಟೆ ಹೊದಿಸಿದ ಮಾಡು. ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಹೊಸದು ಮಾಡುವ ಸಂಪ್ರದಾಯ. ಅರವತ್ತನೆಯ ಸಲ ಮುಗಿದದ್ದು 2016ರಲ್ಲಿ. ಬೆನ್ನಿಗೆ ಕಾಡು. ಅಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ 841ರಲ್ಲೇ ನಿಷೇಧಿಸಿದರು. ಸಾವಿರದ ಇನ್ನೂರು ವರ್ಷ ಹತ್ತಿರವಾಗುತ್ತಿರುವ ಕಾಡು, ಒಂದು ಪಟ್ಟಣದ ಮಗ್ಗುಲಿಗೆ! 1998ರಲ್ಲಿ ಯುನೆಸ್ಕೊ ನಾರಾದ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಾಡನ್ನೂ ಸೇರಿಸಿತು. ಆದರೆ ಜಿಂಕೆಗಳು ಎಳೆ ಸಸಿಗಳನ್ನು ತಿಂದುಹಾಕುವುದರಿಂದ ಅವು ಬಾಯಿ ಹಾಕದ ಕೆಲವು ಗಿಡಗಳೇ ಅಲ್ಲಿ ಹೆಚ್ಚುತ್ತಿವೆ. ಜಿಂಕೆಯೂ ಪವಿತ್ರ, ಕಾಡೂ ಪವಿತ್ರ. ಯಾವುದನ್ನು ಯಾವುದರಿಂದ ಕಾಯಬೇಕು ಎಂಬುದು ಅಲ್ಲಿಯವರಿಗೆ ಸುಲಭದ ಪ್ರಶ್ನೆಯಲ್ಲ.

ದಾರಿಯ ಎರಡೂ ಕಡೆ ಕಲ್ಲಿನ ದೀಪಗೂಡುಗಳು. ನಮ್ಮ ತುಳಸಿಕಟ್ಟೆಗಿಂತ ಎತ್ತರ, ಕೆಲವು ಆಳೆತ್ತರ ಮೀರಿದವು. ಕೆಳಗೆ ಪೀಠ, ಮೇಲೊಂದು ಕಂಬ, ಅದರ ಮೇಲೆ ನಾಲ್ಕು ಕಡೆ ಕಿಂಡಿಯಿರುವ ಗೂಡು, ಗೂಡಿಗೆ ಕಲ್ಲಿನದೇ ಛತ್ರಿ. ಮೈಮೇಲೆಲ್ಲ ಪಾಚಿ. ಹಲವದರಲ್ಲಿ ಜಿಂಕೆಯ ಕೆತ್ತನೆ. ಕಲ್ಲಿನವು ಸುಮಾರು ಎರಡು ಸಾವಿರ, ಗುಡಿಯ ಪ್ರಾಕಾರದ ಸೂರಿನಡಿ ತೂಗುಹಾಕಿರುವ ಕಂಚಿನವು ಸುಮಾರು ಸಾವಿರ. ಸುಮಾರು ಎಂಟು ನೂರು ವರ್ಷಗಳಿಂದ ಶ್ರೀಮಂತ ಮನೆತನದವರು, ಸಾಮುರಾಯ್ ದಳಪತಿಗಳು, ವ್ಯಾಪಾರಿಗಳು, ಊರಿನ ಸಾಮಾನ್ಯರು ಒಂದೊಂದಾಗಿ ಹರಕೆ ಒಪ್ಪಿಸಿದವು. ಹಿಂದೆ ಮಳೆಗಾಗಿ ಬೇಡಿಕೊಂಡು ಇಲ್ಲಿ ದೀಪ ಹಚ್ಚುತ್ತಿದ್ದರಂತೆ. ಈಗ ಅಷ್ಟೂ ದೀಪಗಳನ್ನು ಹಚ್ಚುವುದು ವರ್ಷದಲ್ಲಿ ಮೂರು ರಾತ್ರಿ: ಸೆತ್ಸುಬುನ್ ದಿನ ಮತ್ತು ಆಗಸ್ಟ್ 14, 15. ಆಗಸ್ಟ್ 15ರಂದು ಮೇಷ್ಟ್ರಾದವನು ಶಾಲೆಯ ಧ್ವಜಸ್ತಂಭದ ಬುಡ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ನನ್ನ ಮೇಲೆ ದೂರುವವರು ಇದನ್ನು ಗಮನಿಸಬೇಕು. ಬೇರೆ ದಿನಗಳಲ್ಲಿ ಹೋದವರಿಗಾಗಿ ಒಂದು ಕತ್ತಲೆ ಕೋಣೆಯಲ್ಲಿ ಕೆಲವು ತೂಗುದೀಪಗಳನ್ನು ಉರಿಸಿಟ್ಟಿರುತ್ತಾರೆ.

ಬಾಗಿಲ ಹತ್ತಿರ ಮಗಳು, “ಒಂದು ನಿಮಿಷ ಅಪ್ಪ” ಎಂದು ಒಂದು ಕಟ್ಟೆಯ ಬಳಿಗೆ ಹೋದಳು. ಕಾಣಿಕೆ ಕೊಟ್ಟವರು ತಮ್ಮ ಹೆಸರನ್ನೂ ಬೇಡಿಕೆಯನ್ನೂ ಒಂದು ಕಾಗದದಲ್ಲಿ ಬರೆಯಬಹುದು. ದೀಪದ ಕಿಂಡಿಗೆ ಅಂಟಿಸುವ ಬಿಳಿ ಕಾಗದಗಳ ಜೊತೆ ಅದೂ ಸೇರುತ್ತದೆ. ಅವಳು ಬಗ್ಗಿ ಜಪಾನಿ ಲಿಪಿಯಲ್ಲಿ ಏನೋ ಬರೆದಳು. ನಾನು ಕತ್ತು ಚಾಚಿ ನೋಡಿದೆ. ಅಕ್ಷರವೇ ಗೊತ್ತಿಲ್ಲದವನಿಗೆ ಏನು ಕಾಣುತ್ತದೆ? ಆದರೂ ಏನು ಬರೆದಿರಬಹುದೆಂದು ನನಗೆ ಖಾತ್ರಿಯಿತ್ತು. ಎಂಟು ತಿಂಗಳಿಂದ ಬಾರದ ರಿಸಲ್ಟು ಬರಲಿ ಎಂದು ಬರೆದಿರುತ್ತಾಳೆ. ಇನ್ನೇನು ಬರೆದಾಳು ಎಂದುಕೊಂಡೆ.

ಐದೂವರೆಯ ಹೊತ್ತಿಗೆ ಸೂರ್ಯ ಮುಳುಗಿದ್ದ. ಅಂದು ಕೃಷ್ಣಪಕ್ಷದ ಅಷ್ಟಮಿ, ಚಂದ್ರ ಹುಟ್ಟುವುದು ಮಧ್ಯರಾತ್ರಿಯ ಸುಮಾರಿಗೆ. ದೇವಸ್ಥಾನದವರು ಹಬ್ಬಕ್ಕೆ ಒಳ್ಳೆಯ ಕತ್ತಲನ್ನೇ ಆರಿಸಿಕೊಂಡಂತೆ ಇತ್ತು. ಅಷ್ಟು ಜನ ಸೇರಿದ್ದರೂ ಗದ್ದಲವಿಲ್ಲ. ಕೈಬೆರಳು ಮರಗಟ್ಟುವ ಚಳಿ. ನಿಂತಲ್ಲೇ ಕತ್ತಲಾಗುವುದನ್ನು ನೋಡಿದೆ. ಹಗಲು ಧಗಧಗ ಉರಿಯುತ್ತಿದ್ದ ಸಿಂಧೂರದ ಕಂಬಗಳು ಮೊದಲು ಕಂದಿ, ಆಮೇಲೆ ಕಪ್ಪಾದವು. ಪಾಚಿ ಹಿಡಿದ ಕಲ್ಲುಗಳೂ ಹಸುರು ಎಲೆಗಳೂ ಇನ್ನೂ ಸ್ವಲ್ಪ ಹೊತ್ತು ಬೆಳ್ಳಗೆ ಉಳಿದವು. ಇದು ಕಣ್ಣಿನ ಗುಣ. ಬೆಳಕಿರುವಾಗ ಕೆಲಸ ಮಾಡುವುದು ರೆಟಿನಾದ ಶಂಕುಕೋಶಗಳು, ಕತ್ತಲಲ್ಲಿ ದಂಡಕೋಶಗಳು. ದಂಡಕೋಶಗಳಿಗೆ ಕೆಂಪು ಬಹುಮಟ್ಟಿಗೆ ಕಾಣುವುದೇ ಇಲ್ಲ, ನೀಲಿ ಹಸುರುಗಳೇ ಚೆನ್ನಾಗಿ ಕಾಣುತ್ತವೆ. 19ನೆಯ ಶತಮಾನದ ಆರಂಭದಲ್ಲಿ ಪುರ್ಕಿಂಜೆ ಎಂಬ ಚೆಕ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದ. ನೀವು ಮನೆಯಲ್ಲೇ ನೋಡಬಹುದು: ಒಂದು ಕೆಂಪು ದಾಸವಾಳವನ್ನು ಎಲೆಯ ಸಮೇತ ಹಿತ್ತಿಲಲ್ಲಿಟ್ಟು ಮುಸ್ಸಂಜೆಯಲ್ಲಿ ಅರ್ಧ ಗಂಟೆ ನೋಡುತ್ತ ಕೂತುಕೊಳ್ಳಿ. ಮೊದಲು ಕಪ್ಪಾಗುವುದು ಹೂವು.

ದಂಡಕೋಶಗಳು ಪೂರ್ತಿ ಎಚ್ಚರಗೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ಬಣ್ಣ ಬೆಳಕಿನಲ್ಲಿ ಕೆಡುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ತಯಾರಾಗುತ್ತದೆ. ಎ ಅನ್ನಾಂಗ ಬೇಕಾಗುವುದು ಅದಕ್ಕೇ. ಮಧ್ಯೆ ಒಂದು ಸಲ ಮೊಬೈಲ್ ತೆಗೆದು ನೋಡಿದಿರೋ, ಆ ಅರ್ಧ ಗಂಟೆ ಹೋಯಿತು. ನಮ್ಮ ಮುಂದೆ ನಿಂತಿದ್ದ ಒಬ್ಬ ಯುವಕ ಫೋಟೋ ತೆಗೆಯುತ್ತಲೇ ಇದ್ದ. ಅವನ ಕಣ್ಣಿಗೆ ದೀಪ ಕಂಡಿತೇ ಎಂದು ನನಗೆ ಅನುಮಾನ.

ಆಮೇಲೆ ಕಂಡದ್ದನ್ನು ಹೇಗೆ ಹೇಳುವುದು? ಮೂರು ಸಾವಿರ ದೀಪ ಎಂದರೆ ಝಗಮಗಿಸುವ ಬೆಳಕನ್ನು ನಾನು ಊಹಿಸಿಕೊಂಡಿದ್ದೆ. ಅಲ್ಲಿ ಹಾಗೇನೂ ಇರಲಿಲ್ಲ. ಪ್ರತಿ ಗೂಡಿನ ಕಿಂಡಿಗೆ ಅಂಟಿಸಿದ ಕಾಗದ ಒಳಗಿನ ಬೆಳಕಿನಿಂದ ಹಾಲು ಬೆರೆತ ಜೇನಿನ ಬಣ್ಣ ಪಡೆದಿತ್ತು, ಅಷ್ಟೆ. ಪಕ್ಕದಲ್ಲಿ ನಿಂತವರ ಮುಖದ ಒಂದು ಮಗ್ಗುಲು ಕಾಣುತ್ತಿತ್ತು, ಕಾಲಕೆಳಗಿನ ಜಲ್ಲಿ ಕಾಣುತ್ತಿರಲಿಲ್ಲ. ಸೂರಿನಡಿಯ ಕಂಚಿನ ದೀಪಗಳು ತಮ್ಮ ಮೈಯ ತೂತುಗಳ ಚಿತ್ತಾರವನ್ನು ಬೆಳಕಾಗಿ ಹೊರಗೆ ಬಿಡುತ್ತಿದ್ದವು. ಗಾಳಿಯಾಡಿದಾಗ ಒಂದು ಸಾಲಿನ ಬೆಳಕೆಲ್ಲ ಒಟ್ಟಿಗೆ ಉಸಿರೆಳೆದು ಬಿಟ್ಟಂತಾಗುತ್ತಿತ್ತು. ನಾನು ಹುಟ್ಟಿದ ಊರಿಗೆ ವಿದ್ಯುತ್ ಬಂದದ್ದು ನಾನು ಆರನೆಯ ತರಗತಿಯಲ್ಲಿದ್ದಾಗ. ಅದಕ್ಕೆ ಮುಂಚೆ ಬುಡ್ಡಿದೀಪದ ಸುತ್ತ ನಾವು ನಾಲ್ಕು ಜನ ಓದುತ್ತಿದ್ದೆವು; ಅಮ್ಮ ಅಡುಗೆಮನೆಗೆ ದೀಪ ಎತ್ತಿಕೊಂಡು ಹೋದರೆ ಬಾಯಿಪಾಠ, ತಂದಿಟ್ಟರೆ ಲೆಕ್ಕ. ಆ ಬೆಳಕನ್ನು ನಾನು ಮರೆತೇಬಿಟ್ಟಿದ್ದೆ.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ನಡೆಯುತ್ತ ನಡೆಯುತ್ತ ಲೆಕ್ಕ ಹಾಕಿದೆ. ಬೆಳಕಿನ ತೀವ್ರತೆಯ ಮಾನ ಕ್ಯಾಂಡೆಲಾ. ಹೆಸರೇ ಹೇಳುವಂತೆ ಒಂದು ಮೇಣದ ಬತ್ತಿ ಸುಮಾರು ಒಂದು ಕ್ಯಾಂಡೆಲಾ. ಎಲ್ಲ ದಿಕ್ಕಿಗೂ ಹರಡಿದ ಒಟ್ಟು ಬೆಳಕು ಬೇಕಾದರೆ 4π ಇಂದ ಗುಣಿಸಬೇಕು: ಸುಮಾರು ಹನ್ನೆರಡೂವರೆ ಲ್ಯೂಮೆನ್. ಒಂದು ಗೂಡಿಗೆ ಒಂದು ಬತ್ತಿ ಎಂದಿಟ್ಟುಕೊಂಡರೆ ಮೂರು ಸಾವಿರಕ್ಕೆ 37,700 ಲ್ಯೂಮೆನ್. ನಿಮ್ಮ ಮನೆಯ 9 ವಾಟ್‌ನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಭಾಗಿಸಿ ನೋಡಿ, ನಲವತ್ತೆರಡು ಬಲ್ಬು! ನಮ್ಮ ಶಾಲೆಯ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚು ಹಾಕಿಸುತ್ತೇವೆ. ಅದರಲ್ಲೂ ಕಲ್ಲು, ಕಂಚು, ಕಾಗದ ನುಂಗಿದ್ದು ಹೋಗಿ ಹೊರಬಂದದ್ದು ಇನ್ನೂ ಕಡಿಮೆ. ಶಕ್ತಿಯ ಲೆಕ್ಕವಂತೂ ಕೇಳಬೇಡಿ. ಆ ನಲವತ್ತೆರಡು ಬಲ್ಬಿಗೆ ಬೇಕಾದದ್ದು ನಾನೂರು ವಾಟ್‌ಗಿಂತ ಕಡಿಮೆ. ಮೂರು ಸಾವಿರ ಬತ್ತಿಗಳು ಉರಿಸುವುದು ಒಂದು ಲಕ್ಷ ವಾಟ್ ಮೀರುತ್ತದೆ, ಹೆಚ್ಚುಪಾಲು ಬರಿಯ ಶಾಖ. ಬಿಳಿಯ ಎಲ್‌ಇಡಿ ಸಾಧ್ಯವಾಗುವಂತೆ ನೀಲಿ ಎಲ್‌ಇಡಿ ಕಂಡುಹಿಡಿದು 2014ರ ನೊಬೆಲ್ ಪಡೆದ ಅಕಾಸಾಕಿ, ಅಮಾನೊ, ನಕಾಮುರ ಮೂವರೂ ಜಪಾನಿನಲ್ಲಿ ಹುಟ್ಟಿದವರೇ. ಅಂಥ ದೇಶದ ಜನ ಅಂದು ರಾತ್ರಿ ಅದನ್ನೆಲ್ಲ ಆರಿಸಿ ಬಂದು ಸಾಲಾಗಿ ನಿಂತಿದ್ದರು.

ಲೆಕ್ಕ ಹೇಳಿದಾಗ ಮಗಳು ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಇದೇ ಸಮಯವೆಂದು ನಾನು ಯೋಶಿನೊ ಅವರ ಕಥೆ ತೆಗೆದೆ. ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಒಂದು ಮೇಣದ ಬತ್ತಿಯನ್ನಿಟ್ಟುಕೊಂಡೇ ಆರು ಉಪನ್ಯಾಸ ಕೊಟ್ಟ. 1861ರಲ್ಲಿ ಅದು ಪುಸ್ತಕವಾಯಿತು. ಸುಮಾರು ನೂರು ವರ್ಷದ ಮೇಲೆ, ಇದೇ ಒಸಾಕಾದ ಪಕ್ಕದ ಸುಯಿತಾ ಊರಿನಲ್ಲಿ, ನಾಲ್ಕನೆಯ ತರಗತಿಯ ಹುಡುಗನೊಬ್ಬನಿಗೆ ಅವನ ಟೀಚರು ಆ ಪುಸ್ತಕ ಓದು ಎಂದರು. ಜ್ವಾಲೆ ಯಾಕೆ ಹಳದಿ, ಬತ್ತಿ ಯಾಕೆ ಬೇಕು ಎಂಬ ಪ್ರಶ್ನೆಗಳಿಂದ ಅವನಿಗೆ ರಸಾಯನಶಾಸ್ತ್ರದ ಗೀಳು ಹಿಡಿಯಿತು. ಆ ಹುಡುಗ ಅಕಿರಾ ಯೋಶಿನೊ, 1985ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಮಾದರಿ ಮಾಡಿ 2019ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಹಂಚಿಕೊಂಡವರು. ಮಗಳ ಕೈಯಲ್ಲಿ ಸಾಯುತ್ತಿದ್ದ ಕೋಶಗಳ ಮೂಲಪುರುಷ! ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? ಸಾಲಾಗಿ ಉರಿಯುವ ದೀಪಗಳ ಮಧ್ಯೆ ನಿಂತು ರಸವತ್ತಾಗಿಯೇ ಹೇಳಿದೆ.

ಅವಳು ಕೊನೆಯವರೆಗೂ ಕೇಳಿಸಿಕೊಂಡಳು. “ಲ್ಯಾಬಲ್ಲಿ ಎಲ್ಲರೂ ಈ ಕಥೆ ಹೇಳ್ತಾರೆ ಅಪ್ಪ. ಅದು ಗೆದ್ದವರ ಕಥೆ. ಅದೇ ಪುಸ್ತಕ ಓದಿ ಏನೂ ಸಿಗದೇ ಇದ್ದವರೂ ಇರ್ತಾರಲ್ವಾ? ಅವರು ಏನು ಮಾಡಿದರು ಅಂತ ಯಾರೂ ಹೇಳಲ್ಲ.”

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ನೋಡೋಣ’ ಎನ್ನುವ ಅಭ್ಯಾಸ ನನಗುಂಟು. ಅಲ್ಲಿ ಅದನ್ನೂ ಅನ್ನಲಾಗಲಿಲ್ಲ. ಇಬ್ಬರೂ ಸುಮ್ಮನೆ ನಡೆದೆವು. ಒಂದೇ ರಾತ್ರಿಯಲ್ಲಿ ದೇವರ ದೊಡ್ಡ ಬಿರುದು ಕೆತ್ತಿರುವ ಮೂರು ಕಲ್ಲುದೀಪಗಳನ್ನು ಹುಡುಕಿದವರು ಧನಿಕರಾಗುತ್ತಾರೆ ಎಂಬ ಮಾತು ಅಲ್ಲಿದೆ. ಇಬ್ಬರು ಮುದುಕಿಯರು ಕಲ್ಲಿಗೆ ಮೂಗು ಹಚ್ಚಿ ಅಕ್ಷರ ಹುಡುಕುತ್ತಿದ್ದರು. ಮರಗಳ ಮರೆಯಲ್ಲಿ ಒಂದು ಜಿಂಕೆ ನಿಂತಿತ್ತು. ದೀಪದ ಬೆಳಕು ಅದರ ಕಣ್ಣಿಗೆ ಬಿದ್ದು ಎರಡು ಹೆಚ್ಚುವರಿ ದೀಪಗಳಾದವು.

ಕೊನೆಗೆ ತಡೆಯಲಾರದೆ ಕೇಳಿದೆ. “ಕಾಗದದಲ್ಲಿ ಏನು ಬರೆದೆ ಪುಟ್ಟಿ?”

“ರಾತ್ರಿ ನಿದ್ದೆ ಬರಲಿ ಅಂತ.”

ನಾನು ಮತ್ತೊಮ್ಮೆ ಕೇಳಿದೆ, ಸರಿಯಾಗಿ ಕೇಳಿಸಲಿಲ್ಲವೆಂಬಂತೆ.

“ಅಷ್ಟೇ ಅಪ್ಪ. ಮೂರು ತಿಂಗಳಾಯ್ತು ಸರಿಯಾಗಿ ನಿದ್ದೆ ಮಾಡಿ. ಭಾನುವಾರ ಅಂತೂ ಬರೋದೇ ಇಲ್ಲ.”

ಭಾನುವಾರ ಯಾಕೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆ ವಾರದ ಲೆಕ್ಕ ನನಗೆ ಗೊತ್ತಿತ್ತು. ನನ್ನ ಮೂರನೆಯ ಪ್ರಶ್ನೆ ಹೋಗುತ್ತಿದ್ದದ್ದು ಭಾರತದ ಸಮಯ ಎಂಟೂವರೆಗೆ, ಅಲ್ಲಿಯ ಮಧ್ಯರಾತ್ರಿಗೆ.

ಪಿಎಚ್.ಡಿ. ಏನಾಯಿತೆಂದು ಓದುಗರು ಕೇಳಬಹುದು. ಆ ರಾತ್ರಿ ಏನೂ ತೀರ್ಮಾನವಾಗಲಿಲ್ಲ. ತನ್ನ ಪ್ರಾಧ್ಯಾಪಕರೊಡನೆ ಮಾತಾಡಿ ಮಾರ್ಚ್ ತಿಂಗಳಲ್ಲಿ ಊರಿಗೆ ಬಂದು ನಾಲ್ಕು ವಾರ ಇದ್ದಳು; ಅದರಲ್ಲಿ ಮೊದಲ ವಾರವನ್ನು ಮಲಗಿಯೇ ಕಳೆದಳು. ಆಮೇಲೆ ಹೋದಳು. ಕೋಶಗಳು ಈಗ ಎಷ್ಟು ಚಾರ್ಜ್‌ವರೆಗೆ ಬದುಕುತ್ತವೆ ಎಂಬುದು ನನಗೆ ತಿಳಿಯದು. ಫೋನು ಈಗ ಶನಿವಾರ ಸಂಜೆ ಮಾಡುತ್ತೇವೆ, ನನ್ನ ಪ್ರಶ್ನೆಗಳು ಎರಡೇ.

ನಾರಾದಿಂದ ಹೊರಡುವ ಕೆಲವು ರೈಲುಗಳು ಒಸಾಕಾದಲ್ಲಿ ಕೊನೆಗೊಳ್ಳದೆ ಹಾಗೇ ಮುಂದೆ ಕೋಬೆ ನಗರದವರೆಗೆ ಹೋಗುತ್ತವೆ. ನಾವು ಹತ್ತಿದ್ದು ಅಂಥದ್ದು. ಸೀಟಿನ ಕೆಳಗಿನಿಂದ ಬಿಸಿ ಗಾಳಿ ಬರುತ್ತಿತ್ತು. ನಾಲ್ಕನೆಯ ಸ್ಟೇಷನ್ ದಾಟುವಷ್ಟರಲ್ಲಿ ಮಗಳ ತಲೆ ನನ್ನ ಭುಜಕ್ಕೆ ಬಂತು. ಮೊಬೈಲು ಅವಳ ಕೈಯಿಂದ ಜಾರಿತು. ಎತ್ತಿ ನನ್ನ ಜೇಬಿಗೆ ಹಾಕಿಕೊಂಡೆ. ನಾವು ಇಳಿಯಬೇಕಾದ ನಂಬಾ ಬಂತು, ಜನ ಇಳಿದರು, ಬಾಗಿಲು ಮುಚ್ಚಿತು. ನಾನು ಅಲುಗಾಡಲಿಲ್ಲ. ಆಮೇಲಿನ ಊರುಗಳ ಹೆಸರು ನನಗೆ ಓದಲು ಬರುವುದಿಲ್ಲ. ಭುಜ ಜೋಮು ಹಿಡಿಯಿತು.

ಕೊನೆಯ ನಿಲ್ದಾಣದಲ್ಲಿ ರೈಲ್ವೆಯ ಸಮವಸ್ತ್ರ ತೊಟ್ಟವರೊಬ್ಬರು ಬಂದು ತಲೆಬಾಗಿ ಏನೋ ಹೇಳಿದರು. ಅವಳು ಕಣ್ಣುಬಿಟ್ಟು, “ಇದೆಲ್ಲಿ ಅಪ್ಪ?” ಎಂದಳು. “ಕೋಬೆ ಇರಬೇಕು” ಎಂದೆ. ವಾಪಸ್ ರೈಲಿಗೆ ಇಪ್ಪತ್ತು ನಿಮಿಷವಿತ್ತು. ಪ್ಲಾಟ್‌ಫಾರಮ್ಮಿನ ಯಂತ್ರದಿಂದ ಅವಳು ಎರಡು ಡಬ್ಬಿ ಬಿಸಿ ಚಹಾ ತಂದಳು. ಜೇಬಿನಲ್ಲಿದ್ದ ಹುರಿಗಾಳಿನ ಪೊಟ್ಟಣ ನೆನಪಾಗಿ ಬೆಂಚಿನ ಮೇಲೆ ಸುರಿದೆವು. ಅವಳು ತನ್ನ ಪಾಲಿನ ಇಪ್ಪತ್ತಾರು ಬೇಗ ಎಣಿಸಿ ಬಾಯಿಗೆ ಹಾಕಿಕೊಂಡು, ನನ್ನವನ್ನು ಎಣಿಸತೊಡಗಿದಳು. ನಲವತ್ತೊಂದಕ್ಕೆ ಕಾಳು ಮುಗಿದವು.